ಆವರಣದೊಳಗೆ ಹೊರಗಿನವರ ಪ್ರವೇಶ



ವಿಜಯಪುರದಿಂದ ತಿಕೋಟಾದ ಮೇಲೆ ಪಶ್ಚಿಮಾಭಿಮುಖವಾಗಿ ಸಾಗಿ ಕನಮಡಿಯನ್ನು ದಾಟಿದ ಪಥಿಕನಿಗೆ, ತಾನು ಮಹಾರಾಷ್ಟ್ರದ ಜತ್ತ ತಾಲ್ಲೂಕನ್ನು ಹೊಕ್ಕೆನೆಂಬುದನ್ನು ಅಲ್ಲಿನ ನೆಲವಾಗಲಿ ಬಿಸಿಲಾಗಲಿ ತಿಳಿಸುವುದಿಲ್ಲ. ತಿಳಿಸತಕ್ಕದ್ದು ದಫ್ತರವೊಂದೇ, ಏಕೆಂದರೆ 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಗೊಂಡ ಮೇಲೆ ಈಚೆಯ ಹೊಲವನ್ನು ಒಂದು ಸರಕಾರವೂ ಆಚೆಯದನ್ನು ಮತ್ತೊಂದು ಸರಕಾರವೂ ತಮ್ಮ ತಮ್ಮ ಲೆಕ್ಕದಲ್ಲಿ ಬರೆದುಕೊಳ್ಳುತ್ತವೆ: ಇತ್ತ ಪಹಣಿ, ಅತ್ತ ಸಾತ್‌ಬಾರಾ. ಲಿನಕ್ಸ್ ಗಣಕವ್ಯವಸ್ಥೆಯಲ್ಲಿ ಕಂಟೇನರ್ ಎಂದು ಕರೆಯುವ ಪ್ರತ್ಯೇಕ ಆವರಣವೂ ಇಂಥದೇ. ಗಣಕದ ಮೂಲಾಡಳಿತವನ್ನು ನಡೆಸುವ ಕರ್ನೆಲ್ ಒಳಗೂ ಹೊರಗೂ ಒಂದೇ. ಬೇರೆಯಾದದ್ದು ನೇಮ್‌ಸ್ಪೇಸ್ ಎಂಬ ದಫ್ತರ ಮಾತ್ರ. ಆದುದರಿಂದಲೇ ಒಳಗಿನ ಲೆಕ್ಕದಲ್ಲಿ ಒಂದನೆಯ ಸಂಖ್ಯೆಯನ್ನು ಪಡೆದು ಮೆರೆಯುವ ಪ್ರೋಸೆಸ್ಸು, ಅಂದರೆ ಓಡುತ್ತಿರುವ ಪ್ರೋಗ್ರಾಂ, ಹೊರಗಿನ ಲೆಕ್ಕದಲ್ಲಿ ಸಾವಿರಾರರಲ್ಲಿ ಒಂದಾಗಿರುತ್ತದೆ.

ಇಂಥ ಆವರಣಗಳ ಪೂರ್ವರೂಪವಾದ, 1979ರ ಯುನಿಕ್ಸ್ ಏಳನೆಯ ಆವೃತ್ತಿಯ ಕ್ರೂಟ್ ಎಂಬ ಸೌಕರ್ಯವು ಕಡತಗಳ ಮೂಲವನ್ನಷ್ಟೇ ಬದಲಿಸುತ್ತಿತ್ತು. ಲಿನಕ್ಸಿನ ನೇಮ್‌ಸ್ಪೇಸ್‌ಗಳು 2002ರಿಂದ ಒಂದೊಂದಾಗಿ ಬಂದುವು. 

ಇಂಥ ಆವರಣದೊಳಗೆ, ಹೊರಗೆ ನಿಂತವನು ತನ್ನ ಆಜ್ಞೆಯನ್ನು ನಡೆಸುವುದು ಹೇಗೆ? ಪ್ರತಿಯೊಂದು ಪ್ರೋಸೆಸ್ಸು ಯಾವ ಯಾವ ದಫ್ತರಕ್ಕೆ ಸೇರಿದೆಯೆಂಬುದನ್ನು ಕರ್ನೆಲ್ 'ಪ್ರೋಕ್' ಎಂಬ ಕಡತಕೋಶದಲ್ಲಿ ತೋರಿಸುತ್ತದೆ. ತಕ್ಕ ಅಧಿಕಾರವುಳ್ಳವನು ಅಲ್ಲಿಯ ದಫ್ತರದ ಕಡತವನ್ನು ತೆರೆದು, 2011ರಲ್ಲಿ ಬಂದ 'ಸೆಟ್‌ಎನ್‌ಎಸ್' ಎಂಬ ಕರೆಯ ಮೂಲಕ, ತನ್ನನ್ನೂ ಅದೇ ದಫ್ತರಕ್ಕೆ ಸೇರಿಸೆಂದು ಕರ್ನೆಲನ್ನು ಕೇಳಿಕೊಂಡರೆ ಸಾಕು. ಎನ್ಎಸ್ಎಂಟರ್ ಎಂಬ ಆಜ್ಞೆ ಮಾಡುವುದೂ ಇದನ್ನೇ, ಆವರಣಗಳನ್ನು ನಡೆಸುವ ಡಾಕರ್ ಎಂಬ ತಂತ್ರಾಂಶದ ಎಕ್ಸೆಕ್ ಆಜ್ಞೆಯ ತಿರುಳೂ ಇದೇ. ಇಲ್ಲೊಂದು ಸೂಕ್ಷ್ಮವುಂಟು: ಪ್ರೋಸೆಸ್ಸಿನ ಸಂಖ್ಯೆ ಅದರ ಜೀವಮಾನದಲ್ಲಿ ಬದಲಾಗಬಾರದೆಂಬ ನಿಯಮವಿರುವುದರಿಂದ, ಸಂಖ್ಯೆಗಳ ದಫ್ತರದ ಮಟ್ಟಿಗೆ ಕರೆದವನು ಹೊರಗೇ ಉಳಿದು, ಆತನಿಂದ ಮುಂದೆ ಜನಿಸುವ ಮಗು ಮಾತ್ರ ಒಳಗಿನದಾಗುತ್ತದೆ.

ಆವರಣದ ಗೋಡೆ ಎಷ್ಟು ದೃಢವೆಂದು ಕೇಳುವವರು, ಪ್ರವೇಶಿಸುವವನು ತನ್ನೊಡನೆ ಏನನ್ನು ಒಯ್ಯುತ್ತಾನೆಂಬುದನ್ನು ಕೇಳುವುದಿಲ್ಲ. ನನಗಾದರೋ ಎರಡನೆಯ ಪ್ರಶ್ನೆಯೇ ಗುರುತರವಾಗಿ ತೋರುತ್ತದೆ. 2019ರ ಫೆಬ್ರವರಿಯಲ್ಲಿ ಪ್ರಕಟವಾದ ರನ್‌ಸಿ ದೋಷವು ಇದಕ್ಕೆ ಸಾಕ್ಷಿ. ಡಾಕರ್ ಮೊದಲಾದವು ಆವರಣಗಳನ್ನು ನಿರ್ಮಿಸಲೂ ಹೊಗಲೂ ಬಳಸುವ ರನ್‌ಸಿ ಎಂಬ ಪ್ರೋಗ್ರಾಂ ಒಳಗೆ ಕಾಲಿಟ್ಟ ಕ್ಷಣದಲ್ಲಿ, ಒಳಗೆ ಹೊಂಚುಹಾಕಿದ್ದ ದುಷ್ಟ ಪ್ರೋಗ್ರಾಂ ಅದೇ ಪ್ರೋಕ್ ಕೋಶದ ದಾರಿಯಿಂದ ಹೊರಗಿರುವ ರನ್‌ಸಿಯ ಮೂಲಕಡತವನ್ನು ಹಿಡಿದು, ರನ್‌ಸಿ ಕೆಲಸ ಮುಗಿಸಿದೊಡನೆ ಆ ಕಡತದ ಮೇಲೆ ತನ್ನ ಬರಹವನ್ನು ಬರೆಯಬಹುದಾಗಿತ್ತು. ಮತ್ತೊಮ್ಮೆ ರನ್‌ಸಿಯನ್ನು ಕರೆದಾಗ, ಇಡೀ ಗಣಕದ ಸರ್ವಾಧಿಕಾರದೊಡನೆ ಓಡುತ್ತಿದ್ದುದು ಆ ಬರಹವೇ. ಇದಕ್ಕೆ ಕಂಡುಕೊಂಡ ಪರಿಹಾರವಾದರೂ ಗೋಡೆಯನ್ನು ಎತ್ತರಿಸುವುದಾಗಿರಲಿಲ್ಲ: ರನ್‌ಸಿ ಒಳಹೋಗುವ ಮುನ್ನ ತನ್ನದೊಂದು ಪ್ರತಿಯನ್ನು ಗಣಕದ ಸ್ಮೃತಿಯಲ್ಲಿ ಮಾಡಿ, ಬದಲಿಸಲಾಗದಂತೆ ಅದಕ್ಕೆ ಮುದ್ರೆಯೊತ್ತಿ, ಆ ಪ್ರತಿಯಾಗಿಯೇ ಆವರಣವನ್ನು ಪ್ರವೇಶಿಸತೊಡಗಿತು.