ಗಟ್ಟಿ ಪದಾರ್ಥದೊಳಗೆ ಓಡಾಡುವ ಅಯಾನುಗಳು



2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ನಡೆದುದನ್ನು ನಾವಾರೂ ಮರೆತಿಲ್ಲ. ಕೆಳಗೆ ವಿದ್ಯುತ್ ಸ್ಕೂಟರುಗಳ ಮಳಿಗೆ, ಮೇಲೆ ವಸತಿಗೃಹ. ಕೆಳಗೆದ್ದ ಬೆಂಕಿಯ ಹೊಗೆ ಮೆಟ್ಟಿಲ ದಾರಿಯಿಂದಲೇ ಮೇಲೇರಿತು. 8 ಜನ ಸತ್ತರು. ಹೋಟೆಲಿನ ಅಟ್ಟದಲ್ಲಿ, ಉಗ್ರಾಣದ ಮೂಲೆಯಲ್ಲಿ ಚಾಪೆ ಹಾಸಿ ಮಲಗುವವರು ನಾವು. ಈಗ ಹಿಂಬಾಗಿಲಲ್ಲಿ ಪಾರ್ಸೆಲ್ ಹುಡುಗರ ಸ್ಕೂಟರುಗಳು ರಾತ್ರಿಯೆಲ್ಲ ಚಾರ್ಜಿಗೆ ನಿಂತಿರುತ್ತವೆ. ಆದುದರಿಂದ ಆ ಬ್ಯಾಟರಿಯ ಹೊಟ್ಟೆಯಲ್ಲೇನಿದೆಯೆಂದು ನಾವು ತಿಳಿಯಲೇಬೇಕು. ಮಿಡ್ಲ್ ಸ್ಕೂಲಿಗೆ ಓದು ಮುಗಿಸಿದವರಿಗೆ ಇದೆಲ್ಲ ಏತಕ್ಕೆ ಎನ್ನುವವರಿದ್ದಾರೆ. ಬೆಂಕಿ ಯಾರ ಸರ್ಟಿಫಿಕೇಟನ್ನೂ ಕೇಳುವುದಿಲ್ಲ.

ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ಲಿಥಿಯಂ ಪರಮಾಣುವೇ ಲಿಥಿಯಂ ಅಯಾನು. ಚಾರ್ಜು ಮಾಡುವಾಗ ಅದು ಬ್ಯಾಟರಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತದೆ. ಗಾಡಿ ಓಡುವಾಗ ಮರಳಿ ಬರುತ್ತದೆ. ಎಲೆಕ್ಟ್ರಾನು ಹೊರಗಿನ ತಂತಿ ಹಿಡಿದು ಹೋದರೆ, ಅಯಾನು ಒಳಗಿನ ದ್ರವದಲ್ಲಿ ಈಜಿ ಹೋಗುತ್ತದೆ. ಆ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದು. ಅಪಾಯದ ಒಂದು ಬೇರು ಅಲ್ಲಿದೆ.

ಹಾಗಾದರೆ ದ್ರವದ ಬದಲು ಬೆಂಕಿ ಹಿಡಿಯದ ಗಟ್ಟಿ ಪದಾರ್ಥವನ್ನಿಡಬಾರದೇ? ಕಲ್ಲಿನಂಥ ವಸ್ತುವಿನೊಳಗೆ ಅಯಾನು ಹೇಗೆ ಓಡೀತು ಎಂದು ಕೇಳುವಿರಿ. ಓಡುತ್ತದೆ. ಬಿಸಿ ಮಾಡಿದ ಕೆಲವು ಗಟ್ಟಿ ಲವಣಗಳು ವಿದ್ಯುತ್ತನ್ನು ಹರಿಯಗೊಡುವುದನ್ನು ಫ್ಯಾರಡೆ 1830ರ ದಶಕದಲ್ಲಿಯೇ ಕಂಡಿದ್ದನು. 1914ರಲ್ಲಿ ಜರ್ಮನಿಯ ಟುಬಾಂಟ್ ಮತ್ತು ಲೊರೆಂಟ್ಸ್ ಬೆಳ್ಳಿಯ ಅಯೊಡೈಡನ್ನು ಕಾಯಿಸಿ ನೋಡಿದರು. ಸುಮಾರು 147 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಅದರ ವಾಹಕತೆ ಸಾವಿರಾರು ಪಟ್ಟು ಏರಿತು. ಅದು ಕರಗುವುದು 558 ಡಿಗ್ರಿಯಲ್ಲಿ. ಕರಗಿ ನೀರಾದ ಮೇಲೆ ವಾಹಕತೆ ತುಸು ಇಳಿಯುತ್ತದೆಂಬುದು ಇನ್ನೂ ಸೋಜಿಗ.

ಕಾರಣವನ್ನು ನಮ್ಮ ಊಟದ ಹಾಲಿನಲ್ಲಿಯೇ ನೋಡಬಹುದು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಬೆಂಚೂ ಭರ್ತಿ. ಕುಳಿತವನು ಕದಲಲಾರ, ಕದಲಿದರೂ ಹೋಗಲು ಜಾಗವಿಲ್ಲ. ಮೂರು ಗಂಟೆಗೆ ಆರು ಜಾಗಕ್ಕೆ ಒಬ್ಬ ಗಿರಾಕಿ. ಫ್ಯಾನಿನ ಗಾಳಿ ಹುಡುಕಿಕೊಂಡು ಬೆಂಚಿನಿಂದ ಬೆಂಚಿಗೆ ಹೋಗುತ್ತಾನೆ. ಕಾದ ಬೆಳ್ಳಿಯ ಅಯೊಡೈಡಿನಲ್ಲಿ ಅಯೊಡಿನ್ ಸಾಲುಗಳೇ ನೆಲಕ್ಕೆ ಬಡಿದ ಬೆಂಚುಗಳು. ಬೆಳ್ಳಿಯ ಒಂದೊಂದು ಅಯಾನಿಗೂ ಸುಮಾರು ಆರು ತಾವುಗಳಿವೆ. ಖಾಲಿ ಜಾಗವಿದ್ದರೆ ಸಾಲದು, ನಡುವಣ ಸಂದಿಯೂ ತೂರುವಷ್ಟಿರಬೇಕು.

ಅಂಥ ಸಂದಿಗಳನ್ನು ವಿಜ್ಞಾನಿಗಳು ಬೇಕೆಂದೇ ಕಟ್ಟತೊಡಗಿದರು. 1976ರಲ್ಲಿ ಗುಡ್‌ಇನಫ್ ಮತ್ತು ಹಾಂಗ್ ಸೋಡಿಯಂ ಅಯಾನು ಓಡುವ ನಾಸಿಕಾನ್ ಎಂಬುದನ್ನು ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಜೆ. ರಾವ್ ಅವರು ಅಯಾನು ಓಡುವ ಗಾಜುಗಳನ್ನು ಅಭ್ಯಸಿಸಿದರು. 2011ರಲ್ಲಿ ಜಪಾನಿನ ಕನ್ನೋ ಮತ್ತು ಸಂಗಡಿಗರು ಲಿಥಿಯಂ, ಜರ್ಮೇನಿಯಂ, ರಂಜಕ, ಗಂಧಕ ಸೇರಿದ ವಸ್ತುವೊಂದನ್ನು ಪ್ರಕಟಿಸಿದರು. ಸಾಧಾರಣ ಉಷ್ಣತೆಯಲ್ಲಿಯೇ ಅದರಲ್ಲಿ ಲಿಥಿಯಂ ಅಯಾನು ದ್ರವದಲ್ಲಿ ಓಡುವಷ್ಟೇ ಸಲೀಸಾಗಿ ಓಡುತ್ತದೆ.

ಮತ್ತೇಕೆ ನಮ್ಮ ಸ್ಕೂಟರುಗಳಿಗೆ ಬಂದಿಲ್ಲ? ದ್ರವ ಮೂಲೆಮೂಲೆಗೂ ತಾಗುತ್ತದೆ. ಗಟ್ಟಿಗೆ ಗಟ್ಟಿಯನ್ನಿಟ್ಟರೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ಸೊಟ್ಟ ತಳದ ಕಾವಲಿ ಒಲೆಯ ಮೇಲೆ ಕೂತಂತೆ. ಚಾರ್ಜಾಗುವಾಗ ಬದಿಗಳು ಉಬ್ಬಿ ಕುಗ್ಗಿ ಬಿರುಕು ಬಿಡುತ್ತವೆ. ಬಿರುಕಿನಲ್ಲಿ ಲಿಥಿಯಂ ಬೇರುಬಿಟ್ಟು ಆಚೆ ಬದಿಯನ್ನು ಮುಟ್ಟಿದರೆ ಶಾರ್ಟ್ ಆಗುತ್ತದೆ. ಗಂಧಕದ ಜಾತಿಯವು ತೇವ ತಾಗಿದರೆ ಕೊಳೆತ ಮೊಟ್ಟೆಯ ನಾತದ ವಿಷಾನಿಲ ಬಿಡುತ್ತವೆ. ಮಹಬೂಬ್‌ನಗರದ ಬಳಿ ದಿವಿಟಿಪಲ್ಲಿಯಲ್ಲಿ 2023ರಲ್ಲಿ ಲಿಥಿಯಂ ಬ್ಯಾಟರಿ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ನಾರಾಯಣಪೇಟೆ, ರಾಯಚೂರು ಕಡೆಯ ನಮ್ಮ ಹುಡುಗರು ಇಂಥ ಉದ್ಯಮಕ್ಕೆ ಸೇರಿಯಾರು. ಗಂಧಕದ ಗಟ್ಟಿ ಬ್ಯಾಟರಿ ಮಾಡುವ ಕಾಲ ಬಂದರೆ, ಕೂಲಿಯ ಮಾತಿನೊಂದಿಗೆ ಕೋಣೆಯ ಗಾಳಿಯ ಮಾತನ್ನೂ ಆಡತಕ್ಕದ್ದು.

ಅಲ್ಲಿಯವರೆಗೆ ಧಣಿಗಳಲ್ಲಿ ನಮ್ಮ ಕೇಳಿಕೆ ಇಷ್ಟೇ: ಮೆಟ್ಟಿಲ ಕೆಳಗೂ ಮಲಗುವ ಕೋಣೆಯ ಬಾಗಿಲಲ್ಲೂ ಸ್ಕೂಟರನ್ನು ಚಾರ್ಜಿಗೆ ಹಾಕಬೇಡಿ, ಹೊರಗೆ ಅಂಗಳದಲ್ಲಿ ಒಂದು ಪ್ಲಗ್ಗು ಹಾಕಿಸಿಕೊಡಿ.