ಡೆಹ್ರಾಡೂನಿನ ಆ ನಲವತ್ತು ಮಂದಿ



ಮಿಲಿಟರಿ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಹೋಟೆಲು, ಮುದ್ದೆ, ಮಟನ್ ಸಾರು. ಆಮೇಲೆ ನೆನಪಾಗುವುದು ರಜೆಗೆ ಊರಿಗೆ ಬಂದ ಜವಾನನ ಕಬ್ಬಿಣದ ಟ್ರಂಕು. ಆ ಜವಾನನಿಗೆ ಹುಕುಂ ಕೊಡುವ ಆಫೀಸರ್ ಎಲ್ಲಿ ತಯಾರಾಗುತ್ತಾನೆ ಎಂಬುದು ನಮ್ಮ ಮಾತುಕತೆಯಲ್ಲಿ ಬರುವುದು ಅಪರೂಪ. ಈ ಉಪನ್ಯಾಸ ಮಾಲೆಯಲ್ಲಿ ನನ್ನ ಪಾಲಿನ ಸಂಜೆಗೆ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯನ್ನು ಆರಿಸಿಕೊಂಡದ್ದು ಅದಕ್ಕೇ.

ಅಕಾಡೆಮಿ ಬಾಗಿಲು ತೆರೆದದ್ದು 1932ರ ಅಕ್ಟೋಬರ್ 1ರಂದು. ಆದರೆ ಅಲ್ಲಿಂದಲೇ ಕಥೆ ಎತ್ತಿಕೊಂಡರೆ ಅದು ಏಕೆ ಬೇಕಾಯಿತು ಎಂಬುದೇ ತಪ್ಪಿಹೋಗುತ್ತದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಕಡಲು ದಾಟಿದ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು. ಇಷ್ಟು ಜನರಲ್ಲಿ ಒಬ್ಬ ಭಾರತೀಯ ಸಾಮಾನ್ಯವಾಗಿ ಏರಬಹುದಾಗಿದ್ದ ಕೊನೆಯ ಮೆಟ್ಟಿಲು ಸುಬೇದಾರ್ ಮೇಜರ್. ತಲೆಗೂದಲು ನೆರೆತ ಆ ಸುಬೇದಾರ್ ಮೇಜರ್, ಇಂಗ್ಲೆಂಡಿನಿಂದ ನಿನ್ನೆ ಮೊನ್ನೆ ಹಡಗಿಳಿದ, ಮೀಸೆ ಮೂಡುತ್ತಿರುವ ಹುಡುಗನಿಗೆ ಸೆಲ್ಯೂಟ್ ಹೊಡೆಯಬೇಕು. ಹಿಂದೂಸ್ತಾನದವನು ಕಾದಾಡಬಲ್ಲ, ಮುನ್ನಡೆಸಲಾರ ಎಂಬುದು ಬ್ರಿಟಿಷರ ಸಿದ್ಧಾಂತ.

ಸ್ವಯಮಾಡಳಿತದ ಭರವಸೆ ಕೊಟ್ಟ 1917ರ ಮಾಂಟೆಗು ಘೋಷಣೆಯ ಬಳಿಕ ಈ ಗೋಡೆಯಲ್ಲಿ ಒಂದು ಕಿಂಡಿ ತೆರೆಯಿತು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ ಸೇನಾ ಕಾಲೇಜಿನಲ್ಲಿ ಭಾರತೀಯರಿಗೆ ವರ್ಷಕ್ಕೆ ಹತ್ತು ಸೀಟು. ಜೊತೆಗೆ ಇಂದೋರಿನ ಡೇಲಿ ಕಾಲೇಜಿನಲ್ಲಿ ಒಂದು ತಾತ್ಕಾಲಿಕ ಶಾಲೆ. ಒಂದೇ ತಂಡ ಹೊರಬಿದ್ದ ಮೇಲೆ ಆ ಶಾಲೆಯನ್ನು ಮುಚ್ಚಿಬಿಟ್ಟರು. 1919ರ ಆ ಒಂದೇ ತಂಡದಲ್ಲಿ ನಮ್ಮ ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪ ಇದ್ದರು. ಸ್ಯಾಂಡ್‌ಹರ್ಸ್ಟ್‌ನ ದಾರಿ ಹಿಡಿದು 1926ರಲ್ಲಿ ಆಫೀಸರ್ ಆದವರು ಮಡಿಕೇರಿಯ ತಿಮ್ಮಯ್ಯ. ಈ ದಾರಿ ದುಬಾರಿ. ಸಾವಿರಾರು ಮೈಲಿ ದೂರ, ಚಳಿ, ಅಪರಿಚಿತ ಊಟ, ಅದರ ಮೇಲೆ ಒಂಟಿತನ. ಹೋದವರಲ್ಲಿ ಎಷ್ಟೋ ಮಂದಿ ಪಾಸಾಗದೆ ವಾಪಸಾದರು. ಹಾಗೆ ಸೋತವರನ್ನು ತೋರಿಸಿ, ನೋಡಿ, ಇವರಿಂದ ಆಗುವುದಿಲ್ಲ ಎನ್ನುವುದು ಸರ್ಕಾರಕ್ಕೆ ಸುಲಭವಾಯಿತು.

ಹಾಗಾದರೆ ಶಾಲೆಯನ್ನು ಇಲ್ಲೇ ಕಟ್ಟಿ ಎಂದು ಕೇಂದ್ರ ಶಾಸನಸಭೆಯಲ್ಲಿ ನಮ್ಮವರು ಪಟ್ಟು ಹಿಡಿದರು. ಅದನ್ನು ಪರಿಶೀಲಿಸಲು 1925ರಲ್ಲಿ ಸ್ಕೀನ್ ಸಮಿತಿ ಬಂತು. ಮೋತಿಲಾಲ್ ನೆಹರೂ, ಜಿನ್ನಾ ಇಬ್ಬರೂ ಅದರ ಸದಸ್ಯರು. ಮೋತಿಲಾಲರು ನಡುವೆಯೇ ರಾಜೀನಾಮೆ ಕೊಟ್ಟರು. 1933ರೊಳಗೆ ಭಾರತದಲ್ಲೇ ಸೇನಾ ಕಾಲೇಜು ಬೇಕು ಎಂದು ಸಮಿತಿ ಹೇಳಿತು. ಸರ್ಕಾರ ವರದಿಯನ್ನು ಪಕ್ಕಕ್ಕಿಟ್ಟಿತು. ದುಂಡುಮೇಜಿನ ಪರಿಷತ್ತಿನಲ್ಲಿ ಪ್ರಶ್ನೆ ಮತ್ತೆ ಎದ್ದಾಗ ತಪ್ಪಿಸಿಕೊಳ್ಳಲಾಗಲಿಲ್ಲ. ಸೇನಾಧಿಪತಿ ಫಿಲಿಪ್ ಚೆಟ್‌ವುಡ್ ಅವರ ಸಮಿತಿ ಕೂತು ಡೆಹ್ರಾಡೂನನ್ನು ಆರಿಸಿತು. ಅಲ್ಲಿ ರೈಲ್ವೆ ಸಿಬ್ಬಂದಿ ಕಾಲೇಜಿನ ಕಟ್ಟಡ ಸಿದ್ಧವಾಗಿತ್ತು, ಅದನ್ನೇ ತೆಗೆದುಕೊಂಡರು. ಬ್ರಿಗೇಡಿಯರ್ ಕಾಲಿನ್ಸ್ ಮೊದಲ ಕಮಾಂಡೆಂಟ್.

ಈಗ ಆ ಮೊದಲ ತಂಡಕ್ಕೆ ಬರೋಣ, ನನಗೆ ಇಷ್ಟವಾದ ಭಾಗ ಇದು. ಒಟ್ಟು ನಲವತ್ತು ಮಂದಿ. ಹದಿನೈದು ಜನ ಸ್ಪರ್ಧಾ ಪರೀಕ್ಷೆ ಬರೆದು ಬಂದವರು. ಹತ್ತು ಜನ ದೇಶೀ ಸಂಸ್ಥಾನಗಳ ಪಡೆಗಳಿಂದ. ಉಳಿದ ಹದಿನೈದು ಜನ ಸೈನ್ಯದಲ್ಲಿ ಆಗಲೇ ಬಂದೂಕು ಹೊತ್ತಿದ್ದವರು. ಕೆಡೆಟ್‌ಗಳನ್ನು ಅಲ್ಲಿ ಕರೆಯುತ್ತಿದ್ದುದು ‘ಜಂಟಲ್‌ಮನ್ ಕೆಡೆಟ್’ ಎಂದು. ಬ್ಯಾರಕ್ಕಿನಲ್ಲಿ ನಾಯಕ್ ಆಗಿದ್ದವನೂ ರಾಜಕುಮಾರನ ಪಕ್ಕದಲ್ಲಿ ನಿಂತು ಜಂಟಲ್‌ಮನ್!

ಪರೀಕ್ಷೆ ಬರೆದು ಬಂದವರಲ್ಲಿ ಅಮೃತಸರದ ಪಾರ್ಸಿ ಡಾಕ್ಟರರ ಮಗನೊಬ್ಬನಿದ್ದ. ಲಂಡನ್ನಿಗೆ ಹೋಗಿ ವೈದ್ಯ ಓದುತ್ತೇನೆ ಎಂದಾಗ ಅಪ್ಪ ಬೇಡವೆಂದರು. ಆ ಸಿಟ್ಟಿಗೆ ಸೇನೆಯ ಪರೀಕ್ಷೆಗೆ ಕೂತ. ಆತ ಸ್ಯಾಮ್ ಮಾಣೆಕ್‌ಷಾ. ಅದೇ ತಂಡದಲ್ಲಿ ಹಜಾರಾ ಸಮುದಾಯದ ಮಹಮ್ಮದ್ ಮೂಸಾ ಇದ್ದರು, ಬರ್ಮಾದ ಕರೆನ್ ಜನಾಂಗದ ಸ್ಮಿತ್ ಡನ್ ಇದ್ದರು. ಇಬ್ಬರೂ ಸಿಪಾಯಿಗಳಾಗಿ ಸೇರಿ ಮೇಲೆ ಬಂದವರು. ಮುಂದೆ ಸ್ಮಿತ್ ಡನ್ ಸ್ವತಂತ್ರ ಬರ್ಮಾದ ಸೇನಾ ಮುಖ್ಯಸ್ಥ. ಮೂಸಾ ಪಾಕಿಸ್ತಾನದ ಸೇನೆಗೆ. 1965ರ ಯುದ್ಧದಲ್ಲಿ ಆ ಕಡೆ ದಂಡನಾಯಕ ಅವರೇ. ಮಾಣೆಕ್‌ಷಾ 1971ರಲ್ಲಿ ನಮ್ಮ ಕಡೆ. ಒಂದೇ ತಂಡ, ಮೂರು ದೇಶಗಳ ಸೇನಾ ಮುಖ್ಯಸ್ಥರು. ಅವರಲ್ಲಿ ಇಬ್ಬರು ಕೆಳಗಿನ ಬಾಗಿಲಿನಿಂದ ಬಂದವರು. ಹಿಂದೂಸ್ತಾನದವನು ಮುನ್ನಡೆಸಲಾರ ಎಂದಿದ್ದವರಿಗೆ ಬೇರೆ ಉತ್ತರ ಯಾಕೆ?

ಆದರೂ ಕಸರು ಇದ್ದೇ ಇತ್ತು. ಇಲ್ಲಿ ತಯಾರಾದವರಿಗೆ ಸಂಬಳ ಕಡಿಮೆ, ಬ್ರಿಟಿಷ್ ಸೈನಿಕರ ಮೇಲೆ ಸ್ಯಾಂಡ್‌ಹರ್ಸ್ಟ್‌ನವರಿಗಿದ್ದ ಅಧಿಕಾರ ಇವರಿಗಿಲ್ಲ. ಎರಡನೇ ಮಹಾಯುದ್ಧ ಬಂದು ಆಫೀಸರ್‌ಗಳು ಸಾಲದಾದಾಗ ಬೆಂಗಳೂರು, ಬೆಳಗಾವಿ, ಮಹೂಗಳಲ್ಲೂ ತರಬೇತಿ ಶಾಲೆ ತೆರೆದರು. ಅಗತ್ಯ ಬಿದ್ದಾಗ ಸಿದ್ಧಾಂತ ಎಷ್ಟು ಬೇಗ ಸಡಿಲಾಗುತ್ತದೆ!

1947ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನವನ್ನು ಆರಿಸಿಕೊಂಡ ಕೆಡೆಟ್‌ಗಳು ಡೆಹ್ರಾಡೂನ್ ಬಿಟ್ಟರು. ಅವರಿಗಾಗಿ ಕಾಕುಲ್‌ನಲ್ಲಿ ಬೇರೆ ಅಕಾಡೆಮಿ ಆಯಿತು. ಇತ್ತ ಬ್ರಿಗೇಡಿಯರ್ ಠಾಕೂರ್ ಮಹಾದೇವ ಸಿಂಗ್ ಮೊದಲ ಭಾರತೀಯ ಕಮಾಂಡೆಂಟ್ ಆದರು. ಭೂಸೇನೆ, ನೌಕಾಪಡೆ, ವಾಯುಪಡೆಗಳ ಹುಡುಗರು ಆರಂಭದಲ್ಲಿ ಒಟ್ಟಿಗೆ ಕಲಿಯಲಿ ಎಂಬ ಹೊಸ ಪ್ರಯೋಗ 1949ರಲ್ಲಿ ಡೆಹ್ರಾಡೂನಿನಲ್ಲೇ ಶುರುವಾಗಿ, 1955ರಲ್ಲಿ ಪುಣೆ ಬಳಿಯ ಖಡಕವಾಸ್ಲಾಕ್ಕೆ ಹೋಯಿತು. ಅದೇ ಇಂದಿನ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಎನ್.ಡಿ.ಎ. ಈ ನಡುವೆ ಡೆಹ್ರಾಡೂನಿನ ಶಾಲೆಯ ಹೆಸರು ಹಲವು ಸಲ ಬದಲಾಗಿ, 1960ರಲ್ಲಿ ಹಳೆಯ ಹೆಸರೇ ಮರಳಿತು.

ಇನ್ನು ಒಳಗಿನ ವ್ಯವಸ್ಥೆ. ಕೆಡೆಟ್‌ಗಳನ್ನು ಬಟಾಲಿಯನ್‌ಗಳಾಗಿ, ಅವನ್ನು ಮತ್ತೆ ಕಂಪನಿಗಳಾಗಿ ವಿಂಗಡಿಸುತ್ತಾರೆ. ಕಂಪನಿಗಳಿಗೆ ಯುದ್ಧಭೂಮಿಗಳ ಹೆಸರು: ಕೊಹಿಮಾ, ಆಲಮೀನ್, ಜೋಜಿಲಾ, ಡೋಗ್ರಾಯಿ. ಬಟಾಲಿಯನ್‌ಗಳಿಗೆ ದಂಡನಾಯಕರ ಹೆಸರು: ಕಾರ್ಯಪ್ಪ, ತಿಮ್ಮಯ್ಯ, ಮಾಣೆಕ್‌ಷಾ, ಭಗತ್. ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಕೆಡೆಟ್‌ಗಳಾಗಿದ್ದಾಗ ಈ ಶಾಲೆಯೇ ಹುಟ್ಟಿರಲಿಲ್ಲ. ಆದರೂ ಉತ್ತರದ ಆ ಅಂಗಳದಲ್ಲಿ ಕೊಡಗಿನ ಎರಡು ಹೆಸರುಗಳನ್ನು ದಿನವೂ ಕೂಗುತ್ತಾರೆ. ಕೇಳಲು ಹಿತವಾಗಿದೆ, ಅಲ್ಲವೇ?

ಎನ್.ಡಿ.ಎ. ಮುಗಿಸಿದವರಿಗೆ ಇಲ್ಲಿ ಒಂದು ವರ್ಷ. ಪದವಿ ಮುಗಿಸಿ ಪರೀಕ್ಷೆ ಬರೆದು ನೇರ ಬಂದವರಿಗೆ ಒಂದೂವರೆ ವರ್ಷ. ಡ್ರಿಲ್ಲು, ಗುಂಡು ಹಾರಿಸುವುದು, ನಕ್ಷೆ ಓದುವುದು, ರಾತ್ರಿ ದಿಕ್ಕು ತಪ್ಪದೆ ಕಾಡು ದಾಟುವುದು, ಯುದ್ಧತಂತ್ರ. ಕಲಿಸುವ ಹವಾಲ್ದಾರ, ಸುಬೇದಾರರನ್ನು ಕೆಡೆಟ್‌ಗಳು ಕರೆಯುವುದು ‘ಉಸ್ತಾದ್’ ಎಂದು. ಸಂಗೀತದವರ ಮಾತಲ್ಲವೇ ಇದು ಎಂದು ನಿಮಗೆ ಅನ್ನಿಸಬಹುದು. ಇಲ್ಲಿಯ ರಿಯಾಜಿಗೆ ‘ರಗಡಾ’ ಎಂದು ಹೆಸರು: ತಪ್ಪು ಮಾಡಿದವನಿಗೆ ಮೈಮುರಿಯುವ ಶಿಕ್ಷೆ. ಸ್ನೇಹದೇಶಗಳ ಕೆಡೆಟ್‌ಗಳೂ ಬರುತ್ತಾರೆ. ತಾಲಿಬಾನಿನ ಹಿರಿಯ ನಾಯಕ ಶೇರ್ ಮೊಹಮ್ಮದ್ ಅಬ್ಬಾಸ್ ಸ್ಟಾನಿಕ್‌ಜೈ 1980ರ ದಶಕದಲ್ಲಿ ಇಲ್ಲಿ ಕಲಿತವರು. ಶಾಲೆ ಡ್ರಿಲ್ ಕಲಿಸಬಹುದು, ಹಣೆಬರಹ ಬರೆಯಲಾಗದು.

ಮೂಸಾ, ಸ್ಮಿತ್ ಡನ್ ಬಂದ ಸಿಪಾಯಿಗಳ ಆ ಬಾಗಿಲು ಏನಾಯಿತು? ಇನ್ನೂ ತೆರೆದಿದೆ. ಅದಕ್ಕೆ ಆರ್ಮಿ ಕೆಡೆಟ್ ಕಾಲೇಜು ಎಂದು ಹೆಸರು; 1977ರಿಂದ ಅದೂ ಡೆಹ್ರಾಡೂನಿನಲ್ಲೇ ಇದೆ. ಆಯ್ಕೆಯಾದ ಜವಾನ ಮೂರು ವರ್ಷ ಓದಿ ಪದವಿ ಪಡೆದು, ನಂತರ ಒಂದು ವರ್ಷ ಅಕಾಡೆಮಿಯಲ್ಲಿ ಕಳೆಯುತ್ತಾನೆ.

ವರ್ಷಕ್ಕೆರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ, ಚೆಟ್‌ವುಡ್ ಕಟ್ಟಡದ ಎದುರು ನಿರ್ಗಮನ ಪಥಸಂಚಲನ. ಕೊನೆಗೆ ನಿಧಾನ ಹೆಜ್ಜೆಯಲ್ಲಿ ‘ಅಂತಿಮ್ ಪಗ್’ ದಾಟುತ್ತಾರೆ. ಆಮೇಲೆ ತಂದೆ ತಾಯಿ ಬಂದು ಮಗನ ಹೆಗಲಿಗೆ ಲೆಫ್ಟಿನೆಂಟ್ ನಕ್ಷತ್ರ ಚುಚ್ಚುತ್ತಾರೆ. ಜವಾನನಾಗಿ ಸೇರಿದವನ ಹೆಗಲಿಗೂ ಅದೇ ನಕ್ಷತ್ರ. ನಿನ್ನೆಯವರೆಗೆ ಅವನನ್ನು ಕೆಸರಿನಲ್ಲಿ ಉರುಳಿಸಿದ್ದ ಉಸ್ತಾದ್ ಈಗ ಎದುರು ಬಂದರೆ ಮೊದಲು ಸೆಲ್ಯೂಟಿಗೆ ಕೈ ಎತ್ತುವವರು ಉಸ್ತಾದರೇ.