ಮಹದಾಯಿ ಮಾತು ಬಂದಾಗ ಲೆಕ್ಕ ಮೊದಲು, ಕೂಗು ಆಮೇಲೆ

(ಪೋಂಡಾದಲ್ಲಿ ಸೇರಿದ ಕನ್ನಡ ಯುವಕ-ಯುವತಿಯರ ಮುಂದೆ ಆಡಿದ ಮಾತು)

ಮೊದಲು ನನ್ನ ತಪ್ಪೊಂದನ್ನ ಹೇಳಿಬಿಡ್ತೀನಿ.

ಹೋದ ವರ್ಷ ಹೀಗೇ ಸೇರಿದಾಗ ಮಹದಾಯಿ ಮಾತು ಬಂತು. ಗೋವಾದಲ್ಲೇ ಹುಟ್ಟಿ ಬೆಳೆದ ನಮ್ಮ ಕನ್ನಡದ ಹುಡುಗಿಯೊಬ್ಬಳು, "ಬೇಸಿಗೆಯಲ್ಲಿ ಹೊಳೆಗೆ ಉಪ್ಪುನೀರು ಏರುತ್ತಲ್ಲ ಅಣ್ಣ, ಅದರ ಬಗ್ಗೆ ಯಾಕೆ ಮಾತಾಡಲ್ಲ?" ಅಂದಳು. ಹಿಂದಿನಿಂದ "ದ್ರೋಹಿ" ಅಂತ ಕೂಗು ಬಂತು. ಸಭೆ ನಡೆಸ್ತಿದ್ದವನು ನಾನು. ಸುಮ್ಮನೆ ಕೂತೆ. ಆಕೆ ಮತ್ತೆ ಬರಲಿಲ್ಲ.

ನಮ್ಮ ಅಜ್ಜನ ಊರು ನರಗುಂದ ಸೀಮೆ. 2015ರ ಜುಲೈನಲ್ಲಿ ಅಲ್ಲಿ ರೈತರು ಧರಣಿ ಕೂತದ್ದು ನಿಮಗೆ ಗೊತ್ತು. ಮಲಪ್ರಭೆಗೆ ನೀರು ಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ನಾನು ದಿನಾ ಕುಡಿಯೋದು ಓಪಾದ ನೀರು, ಅಂದ್ರೆ ಮಹದಾಯಿಯ ಉಪನದಿ ಖಾಂಡೇಪಾರದ್ದು. ಎರಡೂ ಕಡೆ ನನ್ನವರೇ.

ಈಗ ಲೆಕ್ಕ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ. "ಅಷ್ಟೂ ಮಲಪ್ರಭೆಗೆ" ಅಂತಾರೆ ನಮ್ಮವರು. ಅಲ್ಲ. ಅದರಲ್ಲಿ 8.02 ವಿದ್ಯುತ್ತಿಗೆ, 1.50 ಮಹದಾಯಿ ಕಣಿವೆಯೊಳಗಿನ ಬಳಕೆಗೆ. ತಿರುಗಿಸೋಕೆ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90. "ಹೊಳೆಯೇ ಬತ್ತಿಹೋಗುತ್ತೆ" ಅಂತಾರೆ ಇಲ್ಲಿಯವರು. ಆದ್ರೆ ನ್ಯಾಯಮಂಡಳಿ ಲೆಕ್ಕದಲ್ಲಿ ಕಣಿವೆಯ ವರ್ಷದ ನೀರು 188.06 ಟಿಎಂಸಿ.

ಹಾಗಾದ್ರೆ ನಾವು ಗೆದ್ದೆವಾ? ತಡೀರಿ. ನಾನು ಬ್ಯಾಂಕಿನವನು. ವರ್ಷದ ಒಟ್ಟು ಜಮಾ ಎಷ್ಟೇ ಇರಲಿ, ಮೇ ತಿಂಗಳಲ್ಲಿ ಖಾತೆ ಖಾಲಿ ಇದ್ರೆ ಚೆಕ್ ಬೌನ್ಸ್ ಆಗುತ್ತೆ. ಹೊಳೆಯದ್ದೂ ಅದೇ ಕಥೆ. ಬಹುಪಾಲು ನೀರು ಮಳೆಗಾಲದಲ್ಲೇ ಹರಿದುಹೋಗುತ್ತೆ. ಬೇಸಿಗೆಯಲ್ಲಿ ಹರಿವು ಇಳಿದಾಗ ಸಮುದ್ರದ ಉಬ್ಬರ ಉಪ್ಪುನೀರನ್ನ ಒಳಕ್ಕೆ ತಳ್ಳುತ್ತೆ; ಅದನ್ನ ತಡೆದು ಹಿಡಿಯೋದು ಮೇಲಿಂದ ಬರೋ ಸಿಹಿನೀರು. ಮೀನು, ಖಜಾನ್ ಗದ್ದೆ ಎಲ್ಲ ಈ ಹದದ ಮೇಲೇ ನಿಂತಿವೆ. ಹಾಗಾಗಿ "ಸಮುದ್ರಕ್ಕೆ ವ್ಯರ್ಥವಾಗಿ ಹೋಗೋ ನೀರು" ಅನ್ನೋದೂ ಪೂರ್ತಿ ಸರಿಯಲ್ಲ. ಎಷ್ಟು ಅನ್ನೋದರ ಜೊತೆಗೆ ಯಾವ ತಿಂಗಳು ಅಂತಾನೂ ಕೇಳಬೇಕು. ಆ ಹುಡುಗಿ ಕೇಳಿದ್ದು ಇದನ್ನೇ.

ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ತೀರ್ಪು ಕೊಡೋದು ನಮ್ಮ ಕೆಲಸ ಅಲ್ಲ. ನಮ್ಮ ಸಭೆಗೆ ಮೂರು ನಿಯಮ ಸಾಕು. ಒಂದು, ಅಂಕಿ ಹೇಳಿದವರು ಅದು ಯಾವುದರ ಲೆಕ್ಕ, ಯಾವ ಕಾಲದ್ದು ಅಂತ ಹೇಳಬೇಕು. ಎರಡು, ನಮ್ಮ ಪರವಾದ ಅಂಕಿಯನ್ನೂ ಅಷ್ಟೇ ಗಟ್ಟಿಯಾಗಿ ಪ್ರಶ್ನಿಸಬೇಕು. ಮೂರು, ಮಾತಿಗೆ ಉತ್ತರ ಕೊಡಿ, ಆಡಿದವರ ನಿಷ್ಠೆ ಅಳೆಯಬೇಡಿ. ಈ ಮೂರನೆಯದನ್ನ ಮುರಿದವರನ್ನ ಸಭೆ ನಡೆಸೋನು ಅಲ್ಲೇ ತಡೀಬೇಕು.

ಹೋದ ವಾರ ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಬರ್ತೀನಿ ಅಂದಿದ್ದಾಳೆ. ಬಂದಾಗ ಮೊದಲ ಪ್ರಶ್ನೆ ಆಕೆಯದ್ದೇ.